ಪೈಪಿನ ತುಂಡು ಮತ್ತು ಸ್ಟೂಲಿನ ಕಾಲು

ಕಳೆದ ಮಳೆಗಾಲದಲ್ಲಿ ಮೂರು ಸ್ಟೂಲ್ ಮಾಡಲು ಕೂತೆ. ತೋಟದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ಕುಯ್ಯಿಸಿ ಎರಡು ವರ್ಷ ಅಟ್ಟದ ಮೇಲೆ ಒಣಗಲು ಹಾಕಿದ್ದೆ, ಅದು ಕಾಲಿಗೆ. ಮೇಲಿನ ಹಲಗೆಗೆ ಹಲಸು. ಸಕಲೇಶಪುರದ ಮಳೆ ಗೊತ್ತಲ್ವಾ, ಜುಲೈನಲ್ಲಿ ತೋಟದ ಕೆಲಸ ಜಾಸ್ತಿ ನಡೆಯುವುದಿಲ್ಲ, ಶೆಡ್ಡಿನಲ್ಲಿ ಮರ ಉಜ್ಜುತ್ತಾ ಕೂರಬಹುದು.

ಹಲಗೆ ಬೇಗ ಆಯಿತು. ಕಾಲುಗಳದ್ದೇ ತಲೆನೋವು. ಮರವನ್ನು ತಿರುಗಿಸಿ ದುಂಡಗೆ ಮಾಡುವ ಲೇತ್ ಯಂತ್ರ ನನ್ನ ಹತ್ತಿರ ಇಲ್ಲ, ಹಾಗಾಗಿ ಚೌಕದ ಕಾಲನ್ನು ದುಂಡಗೆ ಮಾಡಲು ತೊಡೆ ಮೇಲಿಟ್ಟುಕೊಂಡು ಸುಮ್ನೆ ಸ್ಯಾಂಡ್ ಪೇಪರ್ ಸುತ್ತಿ ಉಜ್ಜಿದೆ. ಒಂದಕ್ಕೆ ಅರ್ಧ ದಿನ ಹಿಡಿಯಿತು. ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ನೋಡಿದರೆ ಒಂದಕ್ಕೆ ನಡುವೆ ಹೊಟ್ಟೆ, ಇನ್ನೊಂದು ಮೊಟ್ಟೆ ಥರ. ಬಾಗಿಲು ಸರಿಮಾಡಲು ಬಂದಿದ್ದ ಆಚಾರ್ರು ಒಂದನ್ನು ಎತ್ತಿ ಬೆರಳಲ್ಲಿ ತಿರುಗಿಸಿ ನೋಡಿ, "ಅಚ್ಚು ಇಲ್ದೆ ಉಜ್ಜಿದ್ದೀರಲ್ಲಣ್ಣ, ಎಲ್ಲಿ ನಿಲ್ಲಬೇಕು ಅಂತ ಪೇಪರ್‌ಗೆ ಏನ್ ಗೊತ್ತು?" ಅಂದರು.

ಅವತ್ತೇ ಸಂಜೆ ಅಚ್ಚು, ಅಂದರೆ ಆಕಾರ ತಪ್ಪದಂತೆ ಕೆಲಸ ಮಾಡಲು ನೆರವಾಗುವ ಸಾಧನ, ಮಾಡಲು ಶುರು ಮಾಡಿದೆ. ಮೊದಲನೆಯದು ಕಾಲನ್ನು ಹಿಡಿದುಕೊಳ್ಳುವ ತೊಟ್ಟಿಲು. ಎರಡು ರೀಪಿನ ಅಂಚನ್ನು 45 ಡಿಗ್ರಿ ಓರೆ ಮಾಡಿ, ಓರೆಗಳು ಎದುರುಬದುರಾಗುವಂತೆ ಪ್ಲೈವುಡ್ ಮೇಲೆ ಅಂಟಿಸಿ, ತುದಿಗೊಂದು ತಡೆ ಹೊಡೆದೆ. ಇದರಲ್ಲಿಟ್ಟರೆ ಕಾಲಿನ ಮೂಲೆ ನೆಟ್ಟಗೆ ಮೇಲೆ ಬರುತ್ತದೆ, ಅಲ್ಲಾಡುವುದಿಲ್ಲ, ಎರಡೂ ಕೈಯಲ್ಲಿ ತೋಪಡ (ಮರ ಹೆರೆಯುವ ಸಾಧನ) ಹೊಡೆಯಬಹುದು. ದುಂಡಾದಾಗ 40 ಎಂ.ಎಂ. ಉಳಿಯಲಿ ಅಂತ ಕಾಲನ್ನು 41 ಎಂ.ಎಂ. ಚೌಕಕ್ಕೆ ತಂದುಕೊಂಡೆ. ಅಗಲವನ್ನು 0.293ರಿಂದ ಗುಣಿಸಿದರೆ 12 ಎಂ.ಎಂ. ಬರುತ್ತದೆ. ಪ್ರತಿ ಮುಖದಲ್ಲೂ ಎರಡೂ ಅಂಚಿನಿಂದ ಅಷ್ಟು ಒಳಗೆ ಗೆರೆ ಎಳೆದು, ಗೆರೆಯವರೆಗೆ ಮೂಲೆ ತೆಗೆದರೆ ಸರಿಯಾಗಿ ಎಂಟು ಮುಖ. ಆ ಎಂಟು ಮೂಲೆಗಳನ್ನೂ ತೆಳ್ಳಗೆ ಹೆರೆದರೆ ಹದಿನಾರು. ಆಮೇಲೆ ಉಜ್ಜಲು ಉಳಿಯುವುದು ತೀರಾ ಸ್ವಲ್ಪ.

ನನಗೆ ತುಂಬಾ ಇಷ್ಟವಾಗಿದ್ದು ಎರಡನೆಯ ಅಚ್ಚು. ತೋಟದಲ್ಲಿ ನೀರು ಬಿಡುವ 40 ಎಂ.ಎಂ. ಪಿವಿಸಿ ಪೈಪಿನ ಹೊರ ಅಳತೆಯೇ 40. ಅದರ ಒಂದು ತುಂಡಿಗೆ 80 ನಂಬರ್ ಸ್ಯಾಂಡ್ ಪೇಪರನ್ನು (ನಂಬರ್ ಹೆಚ್ಚಾದಷ್ಟೂ ನುಣುಪು) ಎರಡೂ ಕಡೆ ಅಂಟಿರುವ ಟೇಪಿನಿಂದ ಸುತ್ತಿ, ಎಂಟು ಇಂಚು ಉದ್ದದ ಮರದ ತುಂಡನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜುತ್ತಾ ಹೋದೆ. ಮರದಲ್ಲಿ ಪೈಪಿನಷ್ಟೇ ದುಂಡನೆಯ ಗುಳಿ ಬಿತ್ತು. ಪೇಪರಿನ ದಪ್ಪದಿಂದ ಗುಳಿ ಒಂದು ಕೂದಲೆಳೆ ದೊಡ್ಡದಾಗಿರುತ್ತದೆ, ಆದರೆ ಗುಳಿಯೊಳಗೆ 120 ನಂಬರ್ ಪೇಪರ್ ಅಂಟಿಸಿದಾಗ ಹೆಚ್ಚುಕಮ್ಮಿ ಮತ್ತೆ 40ಕ್ಕೇ ಬಂದು ನಿಲ್ಲುತ್ತದೆ! ಇದನ್ನು ಕೈಯಾರೆ ಮಾಡಿ ನೋಡಿದಾಗ ಆದ ಖುಷಿ ಇನ್ನೂ ಹೋಗಿಲ್ಲ.

ಕಾಲಿನ ಮೇಲೆಲ್ಲ ಪೆನ್ಸಿಲಿನಿಂದ ಗೀಚಿಕೊಂಡು, ಈ ಗುಳಿಯ ಅಚ್ಚಿನಿಂದ ನಾಲ್ಕು ಸಲ ಉಜ್ಜಿದ ಮೇಲೆ ಕಾಲನ್ನು ಸ್ವಲ್ಪ ತಿರುಗಿಸಿ ಮತ್ತೆ ಉಜ್ಜಬೇಕು. ಮೊದಲು ಕರಕರ ಸದ್ದು. ಮೂಲೆಗಳು ಹೋದಂತೆ ಸದ್ದು ಸಣ್ಣಗಾಗುತ್ತದೆ. ಎಲ್ಲಿ ಪೆನ್ಸಿಲ್ ಉಳಿದಿದೆಯೋ ಅಲ್ಲಿ ತಗ್ಗಿದೆ ಅಂತ ಅರ್ಥ. ಅಚ್ಚು ಗಿಡ್ಡ ಮಾಡಬೇಡಿ. ಗಿಡ್ಡವಾದರೆ ತಗ್ಗಿಗೂ ಇಳಿದು ಅದನ್ನೂ ತಿನ್ನುತ್ತದೆ, ಉದ್ದ ಇದ್ದರೆ ಉಬ್ಬನ್ನು ಮಾತ್ರ ಮುಟ್ಟುತ್ತದೆ. ಕೊನೆಗೆ 180, 220 ನಂಬರ್ ಪೇಪರಿನಲ್ಲಿ ಎಳೆಯ ದಿಕ್ಕಿಗೇ ಉಜ್ಜಿದರೆ ಸಾಕು.

ತೊಟ್ಟಿಲಿನ ಅಡಿಗೆ ಇಡೀ ಮರದಿಂದ ಕುಯ್ದ ಹಲಗೆ ಹಾಕಬೇಡಿ, ಪ್ಲೈವುಡ್ಡೇ ಇರಲಿ. ನಾನು ಮೊದಲು ಹಲಸಿನ ಹಲಗೆ ಹಾಕಿದ್ದೆ, ಮಳೆಯ ತೇವಕ್ಕೆ ಹದಿನೈದೇ ದಿನದಲ್ಲಿ ಬಾಗಿ ಕಾಲು ಅಲ್ಲಾಡತೊಡಗಿತು. ಇನ್ನೊಂದು, ಮಾಸ್ಕ್ ಹಾಕಿಕೊಳ್ಳಿ, ತುಂಬು ತೋಳಿನ ಅಂಗಿಯೂ ಇರಲಿ. ಸಿಲ್ವರ್ ಓಕ್ ಧೂಳಿಗೆ ಕೆಲವರ ಮೈ ಕೆರೆಯುತ್ತದೆ, ನನ್ನ ಮೊಣಕೈ ಒಂದು ವಾರ ಕೆಂಪಾಗಿತ್ತು.

ಮೂರನೇ ಸ್ಟೂಲಿನ ಹೊತ್ತಿಗೆ ಒಂದು ಕಾಲಿಗೆ ಮುಕ್ಕಾಲು ಗಂಟೆ ಸಾಕಾಯಿತು. ಈಗ ಕಾಲುಗಳ ನಡುವಿನ ಅಡ್ಡಪಟ್ಟಿಗಳಿಗೆ ಅಂತ 32 ಎಂ.ಎಂ. ಪೈಪಿನ ತುಂಡು ಹುಡುಕುತ್ತಿದ್ದೇನೆ, ಪಂಪ್ ಮನೆ ಹಿಂದೆ ಎಲ್ಲೋ ಇರಬೇಕು.