ದುಬಾರಿ ಲಾಕು, ಎರಡು ರೂಪಾಯಿ ಸ್ಕ್ರೂ

ಗಂಗಾವತಿಯ ನಮ್ಮ ವರ್ಕ್‌ಶಾಪಿಗೆ ಜಾಸ್ತಿ ಬರುವುದು ಟ್ರ್ಯಾಕ್ಟರ್ ಟ್ರೇಲರ್, ರೈಸ್ ಮಿಲ್ಲಿನ ಎಲಿವೇಟರ್ ಬಕೆಟ್, ಕೊಯ್ಲಿನ ಹೊತ್ತಿಗೆ ಹಾರ್ವೆಸ್ಟರ್. ಈಚೆಗೆ ಕ್ಯಾರವಾನ್‌ಗಳೂ ಬರುತ್ತಿವೆ. ಟೆಂಪೋ ಟ್ರಾವೆಲರ್‌ನಲ್ಲೇ ಮನೆ ಮಾಡಿಸಿಕೊಂಡು ಆನೆಗೊಂದಿ, ಸಾಣಾಪುರ ಅಂತ ಸುತ್ತುವವರು. ಅಷ್ಟು ದೂರ ಕುಲುಕಿಸಿಕೊಂಡು ಬಂದ ಮೇಲೆ ಒಂದಲ್ಲ ಒಂದು ಸಡಿಲ ಆಗಿರುತ್ತೆ, ಹೆಚ್ಚಾಗಿ ಬಾಗಿಲೇ. ನಮ್ಮ ಸಾವ್ಕಾರ್ರ ಲೆಕ್ಕದಲ್ಲಿ ಬಾಗಿಲು ಅಂದರೆ ಚಹಾ ಬರುವುದರೊಳಗೆ ಮುಗಿಯುವ ಕೆಲಸ. ಅವರೇನು ಪಾನಾ ಹಿಡಿಯಬೇಕಾ?

ಈ ಬೇಸಿಗೆಯಲ್ಲಿ ಬೆಂಗಳೂರಿನವರೊಬ್ಬರು ಗಾಡಿ ತಂದರು. 'ಬಾಗಿಲು ಸ್ವಲ್ಪ ಬಿಗಿ ಹಿಡಿಯುತ್ತೆ, ನೋಡಿ' ಅಂದರು. ಶೆಡ್ಡಿನ ತುಂಬ ಹಾರ್ವೆಸ್ಟರ್ ನಿಂತಿದ್ದವು. ಜಾಗ ಇಲ್ಲ ಅಂತ ಗಾಡಿಯನ್ನು ಚರಂಡಿ ಪಕ್ಕ ನಿಲ್ಲಿಸಿದರು, ಮುಂದಿನ ಒಂದು ಚಕ್ರ ಚಪ್ಪಡಿ ಕಲ್ಲಿನ ಮೇಲೆ. ಅವರು ಇಳಿದು ಸಾವ್ಕಾರ್ರ ಹತ್ತಿರ ರೇಟು ಮಾತಾಡಲು ಹೋದರು. ಒಳಗೆ ಅವರ ತಾಯಿ, ಮೊಮ್ಮಗು. ಬಾಗಿಲಿಗೆ ಇದ್ದದ್ದು ನಂಬರ್ ಒತ್ತುವ ಲಾಕು. ಮುಚ್ಚಿದ ಸ್ವಲ್ಪ ಹೊತ್ತಿಗೆ ತಾನೇ ಚಿಲಕ ಹಾಕಿಕೊಳ್ಳುವ ಜಾಣ ಲಾಕು ಅದು.

ಅಜ್ಜಿ ಮಗುವಿಗೆ ಹಾಲು ಕಾಯಿಸಲು ಇಟ್ಟು, ಗಾಳಿ ಆಡಲಿ ಅಂತ ಬಾಗಿಲು ತೆಗೆಯಲು ಹೋಗಿದ್ದಾರೆ. ಬರಲಿಲ್ಲ. ಜೋರಾಗಿ ಎಳೆದಿದ್ದಾರೆ. ಒಳಗಿನ ಹಿಡಿ ಮುರಿದು ಕೈಗೇ ಬಂತು. ಪ್ಲಾಸ್ಟಿಕ್ ಹಿಡಿ, ಒಳಗೆ ಬೆರಳು ದಪ್ಪವೂ ಇಲ್ಲದ ಎರಕದ ತುಂಡು. ಹೊರಗಡೆಗೆ ಮಾತ್ರ ಸ್ಟೀಲಿನ ಮುಖ, ನೀಲಿ ಲೈಟು.

ಮಗು ಅಳುವುದು ಕೇಳಿ ನಾವು ಓಡಿದೆವು. ಅಜ್ಜಿಯ ಮಗ ಕೋಡ್ ಒತ್ತಿದರು. ಒಳಗೆ ಮೋಟರ್ 'ಜುಂಯ್' ಅಂತು, ಅರ್ಧಕ್ಕೇ ನಿಂತಿತು, ಕುಯ್ ಕುಯ್ ಅಂತ ಮೂರು ಸಲ ಕೂಗಿತು. ಮತ್ತೆ ಒತ್ತಿದರು, ಮತ್ತೆ ಅದೇ. ಕೀ ಹಾಕಿ ತಿರುಗಿಸಲು ನೋಡಿದರು, ಕೀ ಬಾಗತೊಡಗಿತು. ನನಗೆ ಮೊದಲಿಂದಲೂ ಈ ಬಟನ್ ಲಾಕುಗಳ ಮೇಲೆ ನಂಬಿಕೆ ಇಲ್ಲ. ಲಾಕೇ ಕೆಟ್ಟಿದೆ ಅಂತ ಅಲ್ಲೇ ತೀರ್ಮಾನ ಮಾಡಿ ಡ್ರಿಲ್ ಮಷೀನ್ ತರಿಸಿದೆ. ಮೋಟರ್ ಓಡುತ್ತಿದೆ, ಚಿಲಕ ಮಾತ್ರ ಸರಿಯುತ್ತಿಲ್ಲ ಅಂದರೆ ಚಿಲಕವನ್ನು ಬೇರೇನೋ ಒತ್ತಿ ಹಿಡಿದಿದೆ ಅಂತ ಅಲ್ವಾ? ಟ್ರೇಲರ್ ಡಾಲಾದಲ್ಲಿ, ಅಂದರೆ ಬಿಚ್ಚಿ ಹಾಕುವ ಹಲಗೆಯಲ್ಲಿ, ದಿನಾ ನೋಡುವ ಕಥೆ. ಲಾಕಿನ ಮೇಲಿನ ಸಿಟ್ಟಿನಲ್ಲಿ ಅದು ತಲೆಗೇ ಬರಲಿಲ್ಲ.

ಕೀ ಹಾಕುವ ತೂತಿಗೆ ಬಿಟ್ ಇಟ್ಟು ಅರ್ಧ ಕೊರೆದಿದ್ದೆ. ಹೆಲ್ಪರ್ ಹುಡುಗ ಬಾಗಿಲ ಕೆಳಗೆ ಬಗ್ಗಿ ನೋಡುತ್ತಿದ್ದವನು ತಟ್ಟನೆ ನನ್ನ ಕೈ ಹಿಡಿದ. 'ಅಣ್ಣ, ಗ್ಯಾಸ್ ವಾಸನಿ ಐತಿ.'

ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕೇ ಇಳಿದು ಬಾಗಿಲ ಸಂದಿಯಿಂದ ಹೊರಗೆ ಬರುತ್ತಿತ್ತು. ಆ ಸಂದಿಯಿಂದ ಎರಡು ಅಡಿ ಮೇಲೆ ನಾನು ಕಿಡಿ ಹಾರುವ ಮಷೀನ್ ಹಿಡಿದು ನಿಂತಿದ್ದೆ. ಮಷೀನನ್ನು ದೂರ ಒಯ್ದು ಇಟ್ಟೆ. ಬಾಯಿ ಒಣಗಿತ್ತು. ವೆಲ್ಡರ್ ಅಣ್ಣ ಶೆಡ್ಡಿನಲ್ಲಿ ವೆಲ್ಡಿಂಗ್ ನಿಲ್ಲಿಸಿ ಕಿಟಕಿ ಹತ್ತಿರ ಬಂದು, 'ಅಮ್ಮಾರ, ಯಾವ ಸ್ವಿಚ್ಚೂ ಮುಟ್ಟಬ್ಯಾಡ್ರಿ. ಒಲೆ ತಿರುವಿ ಬಂದ್ ಮಾಡ್ರಿ, ಸಿಲಿಂಡರ್ ರೆಗ್ಯುಲೇಟರ್‌ನೂ ಬಂದ್ ಮಾಡ್ರಿ, ಕಿಟಕಿ ಎಲ್ಲಾ ತಗೀರಿ' ಅಂತ ನಿಧಾನಕ್ಕೆ ಹೇಳಿದರು. ಕಿಟಕಿಗಳು ಮೇಲಿನಿಂದ ತೂಗುವಂಥವು. ಗೇಣಷ್ಟು ತೆರೆಯುತ್ತವೆ, ಮಗುವೂ ತೂರುವುದಿಲ್ಲ. ಡ್ರೈವರ್ ಕಡೆ ಹೋಗೋಣ ಅಂದರೆ ಪ್ರೈವೆಸಿ ಅಂತ ಮಧ್ಯೆ ಪ್ಲೈ ಗೋಡೆ. ಹಿಂದಿನ ಗಾಜಿಗೆ ಅಡ್ಡ ಬೀರು. ಒಂದೇ ಬಾಗಿಲು, ಅದರ ಪಕ್ಕದಲ್ಲೇ ಒಲೆ!

ಆಗ ಅದೇ ಹುಡುಗ ಹೇಳಿದ, ಮೇಲೆ ಸಂದಿ ಅಗಲ ಇದೆ, ಕೆಳಗೆ ಬಾಗಿಲು ಹೊಸ್ತಿಲಿಗೆ ಉಜ್ಜಿದೆ ಅಂತ. ನೋಡಿದರೆ ನಿಜ. ಬಾಗಿಲು ಜೋತು ಬಿದ್ದಿತ್ತು. ಚಿಲಕ ತನ್ನ ತೂತಿನ ಕೆಳ ಅಂಚಿನ ಮೇಲೆ ಭಾರ ಹಾಕಿ ಕೂತಿತ್ತು. ಚಕ್ರ ಕಲ್ಲಿನ ಮೇಲಿದ್ದು ಬಾಡಿ ತಿರುಚಿದ್ದರಿಂದ ಇನ್ನಷ್ಟು ಬಿಗಿ. ಕೆಳಗೆ ಮರದ ತುಂಡು ಇಟ್ಟು ಹಾರೆ ಹಾಕಿದೆವು. ನಾವಿಬ್ಬರು ಮೀಟಿ ಎತ್ತಿ ಹಿಡಿದೆವು, ವಾಸನೆ ಪೂರ್ತಿ ಹೋಗಿದೆ ಅಂತ ಅಜ್ಜಿ ಹೇಳಿದ ಮೇಲೆ ಮಗ ಕೋಡ್ ಒತ್ತಿದರು. ಜುಂಯ್, ಟಕ್. ಅಷ್ಟೇ. ನಾನು ಕೊರೆದು ಹಾಳು ಮಾಡಿದ ಲಾಕಿನಲ್ಲಿ ಯಾವ ದೋಷವೂ ಇರಲಿಲ್ಲ.

ಬಾಗಿಲು ಇಳಿಸಿ ನೋಡಿದಾಗ ಮೈ ಉರಿಯಿತು. ಅಷ್ಟು ಭಾರದ ಬಾಗಿಲಿನ ಹಿಂಜ್‌ಗಳನ್ನು ಸೆಲ್ಫ್ ಸ್ಕ್ರೂ ಹೊಡೆದು ಪ್ಲೈಗೆ ಕೂರಿಸಿದ್ದಾರೆ. ಪ್ಲೈ ನೀರು ಕುಡಿದು ಹಿಟ್ಟಾಗಿದೆ, ಸ್ಕ್ರೂ ಬೆರಳಲ್ಲೇ ಬಂತು. ನಾವು ಒಳಗಡೆ 5 ಎಂಎಂ ದಪ್ಪದ ಕಬ್ಬಿಣದ (ಎಂಎಸ್) ಪಟ್ಟಿ ಕೊಟ್ಟು, ಆರ್‌ಪಾರ್ ಬೋಲ್ಟ್ ಹಾಕಿ, ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಬಿಗಿದೆವು. ಸಾದಾ ನಟ್ ಕುಲುಕಾಟಕ್ಕೆ ಬಿಚ್ಚಿಕೊಳ್ಳುತ್ತೆ. ತೂತುಗಳಿಗೆ ಸಿಲಿಕಾನ್ ತುಂಬಿದೆವು. ಹತ್ತುವಾಗ ಹಿಡಿಯುವ ಹ್ಯಾಂಡಲ್‌ಗೂ ಇದೇ ಉಪಚಾರ. ವಯಸ್ಸಾದವರು ಅದಕ್ಕೆ ಇಡೀ ಮೈ ಭಾರ ಬಿಟ್ಟು ಹತ್ತುತ್ತಾರೆ. ಅದನ್ನೂ ಸ್ಕ್ರೂನಲ್ಲೇ ನಿಲ್ಲಿಸಿದ್ದರು ಪುಣ್ಯಾತ್ಮರು. ಚಿಲಕದ ತೂತಿನ ಕೆಳ ಅಂಚನ್ನು ಎರಡು ಎಂಎಂ ಅರದಿಂದ ಉಜ್ಜಿದೆವು. ತಾನೇ ಲಾಕ್ ಆಗುವ ಸೆಟ್ಟಿಂಗ್ ಆಫ್ ಮಾಡಿಸಿದೆ.

ಒಳಗಿನ ಹಿಡಿಗೆ ಮಾತ್ರ ನಾನು ಹಟ ಹಿಡಿದೆ. ಒಂದೇ ಎಳೆತಕ್ಕೆ ಲ್ಯಾಚು, ಚಿಲಕ ಎರಡೂ ಬಿಡಬೇಕು, ಕರೆಂಟು ಬ್ಯಾಟರಿ ಯಾವುದೂ ಬೇಕಾಗಬಾರದು, ಹಿಡಿ ಸ್ಟೀಲಿನದೇ ಆಗಬೇಕು. ಕತ್ತಲಲ್ಲಿ, ಹೊಗೆಯಲ್ಲಿ ಎರಡು ಕಡೆ ತಡಕಾಡಲು ಆಗುತ್ತಾ? ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು 2013ರ ಅಕ್ಟೋಬರ್ 30ರ ಬೆಳಗಿನ ಜಾವ ಈಗಿನ ತೆಲಂಗಾಣದ ಪಾಲೆಂ ಹತ್ತಿರ ಉರಿದು 45 ಜನ ಹೋದಾಗ ನಾನು ಬಸ್ ಬಾಡಿ ಶೆಡ್ಡಿನಲ್ಲಿದ್ದೆ. ಆಮೇಲೆ ಎಮರ್ಜೆನ್ಸಿ ಬಾಗಿಲಿಗೆ ಅಡ್ಡ ಸೀಟು ಹಾಕಿ ಅಂತ ಯಾರಾದರೂ ಕೇಳಿದರೆ ನಮ್ಮ ಮೇಸ್ತ್ರಿ ಬೈದು ಕಳಿಸುತ್ತಿದ್ದರು. ಕ್ಯಾರವಾನ್ ಮಾಡಿಸುವವರಿಗೆ ಬೈಯುವವರು ಯಾರೂ ಸಿಕ್ಕಿಲ್ಲ ಅಂತ ಕಾಣುತ್ತೆ.

ಕಳ್ಳರ ಭಯಕ್ಕೇ ಎಲ್ಲ ದುಡ್ಡು ಹೋಗುತ್ತೆ. ಅದೂ ಸರಿಯಾಗಿ ಹೋಗುವುದಿಲ್ಲ. ಅಮೆರಿಕದ ಮೋಟರ್‌ಹೋಮ್‌ಗಳಲ್ಲಿ ಸಾಮಾನು ಇಡುವ ಪೆಟ್ಟಿಗೆಗಳಿಗೆ ಸಿಎಚ್751 ಅನ್ನುವ ಒಂದೇ ನಮೂನೆ ಕೀ ಎಷ್ಟೋ ವರ್ಷಗಳಿಂದ ಬರುತ್ತಿದೆ, ಒಬ್ಬರದು ಇನ್ನೊಬ್ಬರಿಗೆ ಆಗುತ್ತೆ. ಈ ಗಾಡಿಯ ಹಿಂದಿನ ಡಿಕ್ಕಿ ನಮ್ಮ ಆಫೀಸ್ ಬೀರುವಿನ ಕೀಗೆ ತೆರೆಯಿತು. ಅದನ್ನೂ ಬದಲಾಯಿಸಿದೆವು.

ಬೀರು ಸರಿಸಿ ಹಿಂದಿನ ಗಾಜು ಖಾಲಿ ಮಾಡಿಸಿ, ಸುತ್ತಿಗೆ ತೂಗು ಹಾಕಿ ಅಂದೆ. ಅಜ್ಜಿ ಹ್ಞೂಂ ಅಂದರು, ಮಗ ಬೆಂಗಳೂರಿಗೆ ಹೋಗಿ ನೋಡೋಣ ಅಂದರು. ಗ್ಯಾಸ್ ಅಲಾರಂ ನೆಲದ ಹತ್ತಿರ ಹಾಕಿಸಿ ಅಂತಲೂ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.

ಸಾವ್ಕಾರ್ರು ಬಿಲ್ಲಿನಲ್ಲಿ ಪಟ್ಟಿ, ಬೋಲ್ಟ್, ನೈಲಾಕ್ ನಟ್ಟಿನ ಸಾಲು ಹೊಡೆದುಹಾಕಿದರು. 'ಕಣ್ಣಿಗೆ ಕಾಣದ ಮಾಲಿಗೆ ಯಾರ್ ರೊಕ್ಕ ಕೊಡ್ತಾರಲೇ' ಅಂತ. ಕೊರೆದ ಲಾಕಿನ ದುಡ್ಡು ನನ್ನ ಪಗಾರದಲ್ಲಿ ಹಿಡಿದರು, ಅದು ಅವರಿಗೆ ಚೆನ್ನಾಗಿ ಕಂಡಿತ್ತು.