ಅರಸು ಕಾಲಪಟ್ಟಿ: ಮೂರನೇ ವಾರ

ಗೋಡೆಗೆ ಅಂಟಿಸಿದ ಕಾಗದ ಈಗ ಹನ್ನೊಂದು ಅಡಿ ಆಗಿದೆ. ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದ ವರ್ಷಗಳು, 1972ರ ಮಾರ್ಚ್ 20ರಿಂದ 1980ರ ಜನವರಿವರೆಗೆ. ಘಟನೆಗೊಂದರಂತೆ ಕಳೆದ ವಾರ 94 ಚೀಟಿ ಇದ್ದವು. ಈ ವಾರ 41ಕ್ಕೆ ಇಳಿಸಿದ್ದೇನೆ.

ಉದ್ಘಾಟನೆ, ಶಂಕುಸ್ಥಾಪನೆ, ದೆಹಲಿ ಪ್ರವಾಸ ಎಲ್ಲ ತೆಗೆದೆ. ಅದಕ್ಕೆ ಜಾಸ್ತಿ ಯೋಚನೆ ಬೇಕಾಗಲಿಲ್ಲ. 1973ರ ನವೆಂಬರ್ 1, ಮೈಸೂರು ರಾಜ್ಯ ಕರ್ನಾಟಕ ಆದ ದಿನ, ಉಳಿಯಿತು.

ತಲೆಬಿಸಿ ಶುರುವಾದದ್ದು ಹಾವನೂರು ಆಯೋಗದಲ್ಲಿ, ಅಂದರೆ ಹಿಂದುಳಿದ ವರ್ಗಗಳ ಮೀಸಲಾತಿಗೆ ದಾರಿ ತೋರಿಸಿದ ಆಯೋಗದಲ್ಲಿ. ನೇಮಕ 1972ರಲ್ಲಿ, ವರದಿ 1975ರ ನವೆಂಬರಿನಲ್ಲಿ, ಸರ್ಕಾರದ ಆದೇಶ 1977ರ ಫೆಬ್ರವರಿಯಲ್ಲಿ. ಮೊದಲು ವರದಿಯ ದಿನ ಮಾತ್ರ ಇಟ್ಟಿದ್ದೆ. ಆದರೆ ವರದಿ ಬಂದ ದಿನ ಹಿಂದುಳಿದ ಜಾತಿಯ ಯಾವ ಹುಡುಗನಿಗೂ ಕಾಲೇಜಿನಲ್ಲಿ ಸೀಟು ಸಿಗಲಿಲ್ಲ, ಅಲ್ವಾ? ಮೂರೂ ಇಟ್ಟು ಕೆಂಪು ದಾರ ಕಟ್ಟಿದೆ. ಎಷ್ಟು ಕಾಲ ಹಿಡಿಯಿತು ಅಂತ ದಾರ ನೋಡಿದರೆ ಗೊತ್ತಾಗುತ್ತದೆ.

ಭೂಸುಧಾರಣೆಗೆ ದೊಡ್ಡ ಚೀಟಿ ಹಾಕಿದ್ದು 1974ರ ಮಾರ್ಚ್ 1ಕ್ಕೆ. ತಿದ್ದುಪಡಿ ಜಾರಿಗೆ ಬಂದು, ಗೇಣಿ ಜಮೀನಿನ ಮೇಲೆ ಧಣಿಯ ಹಕ್ಕು ಹೋದದ್ದು ಅವತ್ತು. ನಮ್ಮ ಕರಾವಳಿಯಲ್ಲಿ ಹಳಬರು ಕಾಯ್ದೆಯ ಹೆಸರು ಹೇಳುವುದಿಲ್ಲ. 'ಡಿಕ್ಲರೇಷನ್ ಕೊಟ್ಟದ್ದು' ಅನ್ನುತ್ತಾರೆ. ಗೇಣಿ ಜಮೀನು ತನಗೆ ಬರಬೇಕು ಅಂತ ಗೇಣಿದಾರ ಕೊಡುತ್ತಿದ್ದ ಅರ್ಜಿ, ಫಾರಂ 7ಕ್ಕೆ ಜನರ ಬಾಯಲ್ಲಿ ಬಂದ ಹೆಸರು ಅದು. ಅದನ್ನೇ ಚೀಟಿಯ ಮೇಲೂ ಬರೆದೆ.

ತುರ್ತು ಪರಿಸ್ಥಿತಿಗೆ ಮಾತ್ರ ನಾನು ನ್ಯಾಯ ಮಾಡಿರಲಿಲ್ಲ. ಹೇರಿದ್ದು ದೆಹಲಿ ಅಂತ 1975ರ ಜೂನ್ ತಿಂಗಳಿಗೆ ಒಂದು ಸಣ್ಣ ಚೀಟಿ ಅಂಟಿಸಿ ಸುಮ್ಮನಾಗಿದ್ದೆ. ಭಾನುವಾರ ನೋಡಲು ಬಂದ ನಮ್ಮೂರಿನ ಮಾಸ್ಟ್ರು ಕೇಳಿದ್ದು ಒಂದೇ ಮಾತು. "ಜೈಲು ಯಾರದ್ದು ಮಾರಾಯ?"

ಜೈಲು ರಾಜ್ಯದ್ದೇ. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದದ್ದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. ನಟಿ ಸ್ನೇಹಲತಾ ರೆಡ್ಡಿ ಕೂಡ ಅಲ್ಲೇ ಇದ್ದರು. ಅವರಿಗೆ ಆಸ್ತಮಾ ಇತ್ತು. ತೀರಾ ಹದಗೆಟ್ಟ ಮೇಲೆ ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು. ನಮ್ಮ ಮನೆಯಲ್ಲಿ ಅರಸು ಫೋಟೋ ದೇವರ ಕೋಣೆಯ ಪಕ್ಕ ಇದೆ. ಅದಕ್ಕೇ ಈ ಚೀಟಿ ಬರೆಯಲು ನನ್ನ ಕೈ ಏಳಲಿಲ್ಲ ಅನ್ನಿಸುತ್ತದೆ. ಈಗ ಬರೆದಿದ್ದೇನೆ. ಹಾವನೂರು ಆದೇಶದ ಪಕ್ಕದಲ್ಲೇ ಬಂದು ಕೂತಿದೆ. ಎರಡರ ನಡುವೆ ಒಂದೇ ತಿಂಗಳು. ದೂರ ಮಾಡಲು ಜಾಗ ಇಲ್ಲ, ಮಾಡಲೂಬಾರದು.

1977ರ ಡಿಸೆಂಬರ್ 31ರಿಂದ 1978ರ ಫೆಬ್ರವರಿ 28ರವರೆಗೆ ರಾಷ್ಟ್ರಪತಿ ಆಳ್ವಿಕೆ. ಅಲ್ಲಿ ಕಾಗದ ಖಾಲಿ ಬಿಟ್ಟೆ. 1978ರ ನವೆಂಬರಿನ ಚಿಕ್ಕಮಗಳೂರು ಉಪಚುನಾವಣೆ ಸರ್ಕಾರದ ಕೆಲಸ ಅಲ್ಲ, ನಿಜ. ಆದರೆ ಇಂದಿರಾ ಗಾಂಧಿಯನ್ನು ಗೆಲ್ಲಿಸಿಕೊಟ್ಟ ಅರಸು ಮರುವರ್ಷವೇ ಅವರಿಂದ ದೂರವಾದರು. ಅದಿಲ್ಲದೆ ಕೊನೆಯ ಒಂದು ಅಡಿ ಅರ್ಥವೇ ಆಗುವುದಿಲ್ಲ. ಇಟ್ಟೆ.

ಉಳಿದದ್ದು ಅಜ್ಜನ ಕಾಗದ. ಡಿಕ್ಲರೇಷನ್ ಕೊಟ್ಟದ್ದು 1974ರಲ್ಲಿ. ಭೂನ್ಯಾಯ ಮಂಡಳಿಯ ತೀರ್ಪು ಕೈಗೆ ಬಂದದ್ದು 1981ರಲ್ಲಿ. ಅಷ್ಟರಲ್ಲಿ ಅರಸು ಅಧಿಕಾರ ಬಿಟ್ಟು ವರ್ಷ ದಾಟಿತ್ತು. ಲೆಕ್ಕದ ಪ್ರಕಾರ ಅದು ಪಟ್ಟಿಯ ಹೊರಗೆ. ಆದರೆ ನಮಗೆ ಗದ್ದೆ ಸ್ವಂತ ಆದದ್ದು ಆ ಕಾಗದದಿಂದ. 1980ರ ಜನವರಿಗೆ ಒಂದು ಗೆರೆ ಎಳೆದು, ಅದರಾಚೆಗೆ ಇನ್ನೊಂದು ಅಡಿ ಕಾಗದ ಅಂಟಿಸುತ್ತಿದ್ದೇನೆ. ಬರುವ ವಾರ ಅಕ್ಕಪಕ್ಕದ ಮನೆಗಳಲ್ಲಿ ಅವರವರ ತೀರ್ಪಿನ ತಾರೀಕು ಕೇಳಿಕೊಂಡು ಬರಬೇಕು.