ಬಕ ಹೋಯ್ತು, ಬಾವಲಿ ಬಂತು
ಸಂಜೆ ಕೆರೆ ಏರಿ ಮೇಲೆ ನಿಂತಿದ್ದೆ, ಅರ್ಧ ಗಂಟೆಯಿಂದ ನೀರಲ್ಲಿ ಅಲ್ಲಾಡ್ದೆ ನಿಂತಿದ್ದ ಬೂದು ಬಕ ಕತ್ತು ಮಡಚ್ಕೊಂಡು ಹಾರೋಯ್ತು, ಅದೇ ಹೊತ್ತಿಗೆ ಹಣ್ಣುಬಾವಲಿಗಳ ಡ್ಯೂಟಿ ಶುರು. ಮಬ್ಬುಗತ್ತಲಲ್ಲಿ ಎರಡೂ ಒಂದೇ ಸೈಜ್ ಅನ್ಸುತ್ತೆ, ದೊಡ್ಡ ಬಾವಲಿ ರೆಕ್ಕೆ ಬಿಚ್ಚಿದ್ರೆ 1.2 ಮೀಟರ್ ದಾಟುತ್ತೆ, ಬಕ ಇನ್ನೂ ದೊಡ್ಡದು ಬಿಡಿ. ಆದ್ರೆ ಬಕಂದು ಗರಿ, ಬಾವಲೀದು ಉದ್ದುದ್ದ ಬೆರಳುಗಳ ಮಧ್ಯೆ ಎಳೆದು ಕಟ್ಟಿದಂಥ ತೊಗಲು, ಅಂದ್ರೆ ಅದು ಹಾರೋದು ಅಂಗೈಯಲ್ಲೇ! ಇನ್ನೊಂದು ತಮಾಷೆ, ಬಕದ ಮಂಡಿ ಹಿಂದಕ್ಕೆ ಮಡಚುತ್ತೆ ಅಂದ್ಕೊಂಡಿದ್ನಲ್ಲ, ಅದು ಮಂಡಿನೇ ಅಲ್ಲ, ಹಿಮ್ಮಡಿ ಗಂಟು. ನಿಜವಾಗ್ಲೂ ಮಂಡಿ ಹಿಂದಕ್ಕೆ ತಿರುಗಿರೋದು ಬಾವಲಿಗೆ. ಇದನ್ನೆಲ್ಲ ಯೋಚಿಸ್ತಾ ನಿಂತಿದ್ದಕ್ಕೆ ಜೋಮು ಹಿಡಿದಿದ್ದು ಮಾತ್ರ ನನ್ನ ಕಾಲಿಗೆ.